ಒಳಗಿನಕ್ಕನ ಸಾಗು

ನಿಮ್ಮನ್ನ ಯಾರಾದ್ರೂ ಹೋಟ್ಲಲ್ಲಿ ಮರ್ಯಾದೆಯಾಗಿ ಕೂರಿಸಿ, ಮುಂದೆ ಎಲೆ ಹಾಕಿ, ಎಲೆ ಮೇಲೆ ಬಿಸಿ ದೋಸೆ ಹಾಕಿ, ಆಮೇಲೆ ಪಕ್ಕದಲ್ಲೇ ಬಂದು ನಿಂತ್ಕೊಂಡು "ಸಾಗು" ಅಂದ್ರೆ ಏನು ಮಾಡ್ತೀರಿ? ಕೂತ್ಕೊಂಡು ತಿಂತೀರೋ, ಎದ್ದು ಹೋಗ್ತೀರೋ?

ನಗಬೇಡಿ. ಎದ್ದು ಹೋದೋಳೇ ಈಗ ಇದನ್ನ ಫೋನಲ್ಲಿ ಒಂದೊಂದೇ ಅಕ್ಷರ ಒತ್ತಿ ಬರೀತಾ ಇರೋದು. ಮೊಮ್ಮಗಳು ಟೈಪ್ ಮಾಡೋದು ಕಲಿಸಿ ಇನ್ನೂ ತಿಂಗಳಾಗಿಲ್ಲ. ನಾನು "ಸಾಗು" ಅಂತ ಒತ್ತಿದ್ರೆ ಈ ಫೋನು "ಸಾಕು" ಅಂತ ಮಾಡ್ಲಾ ಅಂತ ಕೇಳುತ್ತೆ. ಸಾಕಾಗಿಲ್ಲ ಕಣಪ್ಪ, ಸುಮ್ನಿರು.

ಹೋದ ಶನಿವಾರ ಮೊಮ್ಮಗಳ ಸ್ನೇಹಿತೆಯರು ಹುಬ್ಬಳ್ಳಿಯಿಂದ ಮೈಸೂರು ನೋಡೋಕೆ ಬಂದಿದ್ರು. ಎರಡು ದಿನದ ಮಟ್ಟಿಗೆ. ಅರಮನೆಗೆ ಯಾವಾಗ, ಬೆಟ್ಟಕ್ಕೆ ಯಾವಾಗ ಅಂತ ಎಲ್ಲಾ ಅವರವರೇ ತೀರ್ಮಾನ ಮಾಡ್ಕೊಂಡಿದ್ರು. ಎಲ್ಲಿ ತಿನ್ನೋದು ಅನ್ನೋದನ್ನ ಮಾತ್ರ ನನ್ನ ತಲೆಗೆ ಕಟ್ಟಿದ್ರು. ಕೇಳಿದ್ದೇ ತಡ, ನಾನೂ ಶುರು ಹಚ್ಕೊಂಡೆ. ಫೋಟೋ ತೆಗೆಯೋಕೆ ಜನ ನಿಂತಿರೋ ಕಡೆ ಹೋಗ್ಬೇಡಿ, ಕೈ ತೊಳೆಯೋಕೆ ಜನ ನಿಂತಿರೋ ಕಡೆ ಹೋಗಿ. ದೋಸೆಗೆ ಬೆಳಿಗ್ಗೆ ಬೇಗ ಹೋಗಿ, ಕಾವಲಿನೂ ಹದಕ್ಕೆ ಬಂದಿರುತ್ತೆ, ಮಾಡೋರ ಮನಸ್ಸೂ ಇನ್ನೂ ಕೆಟ್ಟಿರಲ್ಲ. ಮಧ್ಯಾಹ್ನ ಊಟಕ್ಕೆ ಯಾವುದಾದ್ರೂ ಹಳೇ ಮೆಸ್ಸಿಗೆ ಹೋಗಿ, ಸಾರನ್ನ ಎರಡನೇ ಸಲ ಕೇಳಿ ಹಾಕಿಸ್ಕೊಳ್ಳಿ, ಎರಡನೇ ಸಲದ್ದು ತಳದಿಂದ ಬರುತ್ತೆ. ಸಾಯಂಕಾಲ ಅರಮನೆ ದೀಪ ಹತ್ತೋ ಹೊತ್ತಿಗೆ ಕೈಯಲ್ಲಿ ಚುರುಮುರಿ ಪೊಟ್ಣ ಇರ್ಬೇಕು, ಇಲ್ದಿದ್ರೆ ದೀಪ ನೋಡಿದ್ದು ದಂಡ. ಮೈಸೂರುಪಾಕು ಎಲ್ಲಿ ಚೆನ್ನಾಗಿರುತ್ತೆ ಅಂತ ಮಾತ್ರ ಕೇಳ್ಬೇಡಿ, ಅದ್ರ ಮೇಲೆ ನಮ್ಮನೇಲೇ ಎರಡು ಪಾರ್ಟಿ ಇದೆ.

ಆ ಹುಡುಗೀರು ಇಷ್ಟನ್ನೂ ಸಮಾಧಾನವಾಗಿ ಕೇಳಿಸ್ಕೊಂಡ್ರು. ಆಮೇಲೆ ಒಬ್ಬಳು ಕೇಳಿದ್ಲು, "ಅದೆಲ್ಲಾ ಇರ್ಲಿ ಅಜ್ಜಿ, ನೀವ್ ಎಲ್ಲಿ ತಿಂತಿದ್ರಿ, ಅದನ್ನ ಹೇಳ್ರಿ."

ನಾನು ತಿಂತಿದ್ದ ಜಾಗ ಈಗ ಎಲ್ಲಿದೆ...

ಭಾನುವಾರ ಬೆಳಿಗ್ಗೆ ಅವರನ್ನ ಇಲ್ಲೇ ಹತ್ರ ಕರ್ಕೊಂಡು ಹೋದೆ. ಶ್ರೀರಾಂಪುರದಲ್ಲಿ ನಮ್ಮನೆಯಿಂದ ನಡ್ಕೊಂಡು ಹೋಗೋ ಅಷ್ಟು ದೂರ, ಹೊಸ ಬಡಾವಣೆ ಮೂಲೇಲಿ ಒಬ್ಬಾಕೆ ಶೀಟು ಹೊದಿಸ್ಕೊಂಡು ದೋಸೆ ಮಾಡ್ತಾಳೆ. ನನ್ನ ಮಂಡಿಗೆ ಅದೇ ಸರಿಯಾದ ದೂರ. ಹುಡುಗೀರು ಪ್ಲಾಸ್ಟಿಕ್ ಕುರ್ಚಿ ಎಳ್ಕೊಂಡು ಕೂತ್ರು. ನಾನು ಒಲೆ ಪಕ್ಕದಲ್ಲೇ ಕೂತೆ, ಚಳಿ ಇತ್ತು. ಆಕೆ ಸಾಗು ತಪ್ಪಲೆ ಮುಚ್ಚಳ ತೆಗೆದ್ಲು. ಹಬೆ ಎದ್ದು ನೆಟ್ಟಗೆ ನನ್ನ ಮುಖಕ್ಕೆ ಬಂತು. ಚಕ್ಕೆ, ಹಸಿ ತೆಂಗಿನಕಾಯಿ, ಹಸಿಮೆಣಸಿನಕಾಯಿ, ಕೊತ್ತಂಬರಿ, ಬೆಂದ ನವಿಲುಕೋಸಿನ ವಾಸನೆ... ಕನ್ನಡಕ ಪೂರ್ತಿ ಮಂಜಾಗೋಯ್ತು. ಒರೆಸ್ಕೊಳ್ಳೋಕೆ ಮನಸ್ಸಾಗ್ಲಿಲ್ಲ. ಮಂಜಿನ ಆಚೆ ಅಗ್ರಹಾರ ಕಾಣ್ತಾ ಇತ್ತು.

ನನ್ನ ಮದುವೆಯಾದ ಹೊಸತು. ನಾನು ತಿ. ನರಸೀಪುರದ ಕಡೆ ಹಳ್ಳಿಯೋಳು. ನಮ್ಮ ಯಜಮಾನ್ರು ಬಸ್ ಡಿಪೋದಲ್ಲಿ ಮೆಕ್ಯಾನಿಕ್ಕು, ಕುಂಬಾರಕೊಪ್ಪಲಲ್ಲಿ ಮನೆ. ಮೈಸೂರಿಗೆ ಬಂದ ಮೊದಲನೇ ಭಾನುವಾರ "ಬಾ, ಹೋಟ್ಲಲ್ಲಿ ದೋಸೆ ತಿನ್ನಿಸ್ತೀನಿ" ಅಂದ್ರು. ನಾನು ಹಿಂದೆ ಮುಂದೆ ನೋಡ್ದೆ. ನಮ್ಮೂರಲ್ಲಿ ಹೋಟ್ಲು ಅಂದ್ರೆ ಗಂಡಸರು ಬೀಡಿ ಸೇದ್ಕೊಂಡು ಟೀ ಕುಡಿಯೋ ಜಾಗ. ನಮ್ಮವ್ವ ಕಳಿಸ್ಕೊಡುವಾಗ ಕಿವಿಯಲ್ಲಿ ಹೇಳಿದ್ಲು, "ನೋಡವ್ವ, ಎಣ್ಮಕ್ಳು ಓಟ್ಲಿಗೆ ಓಗ್ಬಾರ್ದು." ಅವ್ವನ ಮಾತು ಮೀರಿ ಗಂಡನ ಮಾತು ಕೇಳೋಕೆ ಅವತ್ತೇ ಶುರು ಮಾಡಿದ್ದು. ಆಮೇಲೆ ಅದನ್ನೂ ನಿಲ್ಲಿಸ್ದೆ, ಆ ಮಾತು ಬೇರೆ.

ಆ ಹೋಟ್ಲು ಅಗ್ರಹಾರದ ಒಂದು ಗಲ್ಲಿಯಲ್ಲಿತ್ತು. ಬೋರ್ಡು ಇರ್ಲಿಲ್ಲ. ಬೋರ್ಡು ಬೇಕಾಗೂ ಇರ್ಲಿಲ್ಲ, ಬೆಣ್ಣೆ ಕರಗೋ ವಾಸನೆ ಬೀದಿ ತಿರುವಿಗೇ ಬಂದು ಕೈ ಹಿಡ್ಕೊಂಡು ಕರ್ಕೊಂಡು ಹೋಗೋದು. ಬಾಗ್ಲು ತಗ್ಗು, ತಲೆ ಬಗ್ಗಿಸಿ ಒಳಗೆ ಹೋಗ್ಬೇಕು. ಒಳಗೆ ನಾಲ್ಕಾರು ಬೆಂಚು, ಸವೆದು ನುಣ್ಣಗಾಗಿದ್ವು. ಮೇಲೆ ನಾಡಹೆಂಚು, ನಡುವೆ ಒಂದು ಗಾಜಿನ ಹೆಂಚು. ಆ ಗಾಜಿನಿಂದ ಬಿಸಿಲು ಕೋಲಿನ ಥರ ಕೆಳಗೆ ಇಳಿಯೋದು, ಕಾವಲಿ ಹೊಗೆ ಅದ್ರೊಳಗೆ ನಿಧಾನಕ್ಕೆ ತಿರುಗ್ತಾ ತಿರುಗ್ತಾ ಮೇಲಕ್ಕೆ ಹೋಗೋದು. ನಾನು ಬಾಯಿ ಬಿಟ್ಕೊಂಡು ಅದನ್ನೇ ನೋಡ್ತಾ ಕೂತಿದ್ದೆ. ದೇವಸ್ಥಾನದಲ್ಲಿ ಕೂತ ಹಾಗಿತ್ತು...

ನಮ್ಮ ಯಜಮಾನ್ರು ಕೈ ತೊಳೆಯೋಕೆ ಹಿತ್ಲಿಗೆ ಹೋದ್ರು. ಯಾರೋ ಎಲೆ ಹಾಕಿದ್ರು, ಎಲೆ ಮೇಲೆ ದೋಸೆ ಬಂತು, ಬಿಳೀ ಮೋಡದ ಥರ, ಮೇಲೆ ಬೆಣ್ಣೆ. ಮುಟ್ಟೋಕೂ ನಾಚಿಕೆ ನನಗೆ. ಅಷ್ಟರಲ್ಲಿ ಬಿಳೀ ಪಂಚೆ ಎತ್ತಿ ಕಟ್ಕೊಂಡ ಒಬ್ಬರು, ಕೈಯಲ್ಲಿ ಒಂದು ಬಕೇಟು ಹಿಡ್ಕೊಂಡು ಬೆಂಚಿಂದ ಬೆಂಚಿಗೆ ಬರ್ತಾ ಇದ್ರು. ನನ್ನ ಹತ್ರ ಬಂದು ನಿಂತು, ರಾಗವಾಗಿ ಅಂದ್ರು.

"ಸಾಗೂ... ಸಾಗೂ..."

ನಮ್ಮೂರಲ್ಲಿ ಸಾಗು ಅಂದ್ರೆ ನಡಿ, ಹೊರಡು ಅಂತ. ತರಕಾರಿ ಪಲ್ಯಕ್ಕೆ ಆ ಹೆಸರಿದೆ ಅಂತ ನನಗೆ ಯಾರು ಹೇಳಿದ್ರು? ಹೆಂಗಸು ಒಬ್ಬಳೇ ಕೂತಿದಾಳೆ ಅಂತ ಇವರು ಎಬ್ಬಿಸ್ತಾ ಇದಾರೆ, ಅವ್ವ ಹೇಳಿದ್ದು ನಿಜ ಆಗೋಯ್ತು ಅಂದ್ಕೊಂಡೆ. ಸೆರಗು ತಲೆ ಮೇಲೆ ಎಳ್ಕೊಂಡು ಎದ್ದೆ. ದೋಸೆ ಬಿಟ್ಟು, ಗಂಡನ್ನ ಬಿಟ್ಟು, ಸೀದಾ ಬೀದಿಗೆ ಬಂದ್ಬುಟ್ಟೆ. ಯಾವ ಕಡೆ ಹೋಗ್ಬೇಕು ಅಂತ ಗೊತ್ತಿಲ್ಲ. ಒಂದು ಬಳೆ ಅಂಗಡಿ ಮುಂದೆ ನಿಂತ್ಕೊಂಡು ಕಣ್ಣೀರು ಒರೆಸ್ಕೊತಾ ಇದೀನಿ, ಹಿಂದಿಂದ ಅದೇ ಬಕೇಟು ಬಂತು.

"ಯಾಕಮ್ಮ ಎದ್ದು ಬಂದ್ಬುಟ್ರಿ? ದೋಸೆ ಸೀದಿತ್ತಾ?"

"ನೀವೇ ಸಾಗು ಅಂದ್ರಲ್ಲ" ಅಂದೆ.

ಅವರು ನನ್ನ ಮುಖ ನೋಡಿದ್ರು. ಬಕೇಟು ನೋಡಿದ್ರು. ಮತ್ತೆ ನನ್ನ ಮುಖ ನೋಡಿದ್ರು. ನಗ್ಲಿಲ್ಲ. ಅದಕ್ಕೇ ಇರ್ಬೇಕು ಅವರು ನನಗೆ ಅವತ್ತಿಂದಲೇ ಅಣ್ಣ ಆಗಿದ್ದು. "ತಪ್ಪಾಯ್ತು ಕಣಮ್ಮ" ಅಂದ್ರು. "ಇನ್ಮೇಲೆ ನಿಮ್ಮ ಹತ್ರ ಬಂದಾಗ ಬೇರೆ ಮಾತು ಹೇಳ್ತೀನಿ, ಬನ್ನಿ."

ವಾಪಸ್ ಹೋಗಿ ಕೂತೆ. ಅವರು ಬಕೇಟಿಗೆ ಸೌಟು ಅದ್ದಿ, ನನ್ನ ಎಲೆ ಹತ್ರ ಬಗ್ಗಿ, ಅದೇ ರಾಗದಲ್ಲಿ ಅಂದ್ರು, "ಕೂತ್ಕೊಳ್ಳೀ... ಕೂತ್ಕೊಳ್ಳೀ..." ಒಳಗಿಂದ ಬಳೆ ಸದ್ದು, ಅದ್ರ ಹಿಂದೆ ಒಂದು ಹೆಂಗಸಿನ ನಗು. ಅಡುಗೆಮನೆಗೂ ಹೊರಗಡೆಗೂ ನಡುವೆ ಗೋಡೆಯಲ್ಲಿ ಒಂದು ಚಿಕ್ಕ ಕಿಂಡಿ ಇತ್ತು. ಅದ್ರಲ್ಲಿ ಹಸಿರು ಬಳೆ ಹಾಕ್ಕೊಂಡಿರೋ ಒಂದು ಕೈ ಕಾಣಿಸ್ತು. ಅದು ಅಣ್ಣನ ಹೆಂಡ್ತಿ. ನಾನು ಒಳಗಿನಕ್ಕ ಅಂತ ಕರೀತಾ ಇದ್ದೆ.

ಆಮೇಲೆ ವರ್ಷಗಟ್ಟಲೆ ಪ್ರತೀ ಭಾನುವಾರ ನಾವು ಹೋಗೋದು, ಅಣ್ಣ ಎಲ್ಲರ ಎಲೆಗೂ "ಸಾಗು" ಅಂತ ಹಾಕ್ಕೊಂಡು ಬಂದು ನನ್ನ ಎಲೆಗೆ ಮಾತ್ರ "ಕೂತ್ಕೊಳ್ಳಿ" ಅನ್ನೋದು. ಹೊಸಬರು ಪಾಪ, ಕೂತೇ ಇರೋಳಿಗೆ ಇವರು ಯಾಕೆ ಕೂತ್ಕೊಳ್ಳಿ ಅಂತಾರೆ ಅಂತ ಕಣ್ಣು ಕಣ್ಣು ಬಿಡೋರು.

ಈಗ ಸಾಗು ವಿಷಯಕ್ಕೆ ಬರ್ತೀನಿ. ದೋಸೆ ಅಣ್ಣಂದು, ಸಾಗು ಅಕ್ಕಂದು. ಕಿಂಡಿಯಿಂದ ನಾನು ನೋಡ್ತಾ ಇದ್ದೆ. ಒರಳ ಮುಂದೆ ಮಣೆ ಹಾಕ್ಕೊಂಡು ಕೂತು ರುಬ್ಬೋರು. ತಪ್ಪಲೆ ಕುದೀತಾ ಇದ್ರೆ ಮುಖ ಹತ್ರ ತಗೊಂಡು ಹೋಗಿ ಕಣ್ಣು ಮುಚ್ಕೊಳ್ಳೋರು, ಹಬೆ ಮುಖಕ್ಕೆಲ್ಲಾ ಬರೋದು, ಏನೋ ಕೇಳಿಸ್ಕೊಂಡ ಹಾಗೆ ತಲೆ ಆಡಿಸಿ ಇಳಿಸ್ಬುಡೋರು. ಮೊದಲನೇ ಸೌಟು ಒಂದು ಪುಟ್ಟ ಬಟ್ಲಿಗೆ, ಅದು ಒಲೆ ಮೇಲ್ಗಡೆ ಇದ್ದ ದೇವರ ಪಟಕ್ಕೆ. ಆಮೇಲೆ ನಮಗೆ. ಆ ಸಾಗು ಹೆಂಗಿತ್ತು ಅಂತ ಹೇಳೋಕೆ ನನಗೆ ಬರಲ್ಲ. ತಣ್ಣಗಿನ ಬೆಳಿಗ್ಗೆ ಯಾರೋ ಕಂಬಳಿ ಹೊದಿಸಿದ ಹಾಗೆ... ಒಂದೇ ಒಂದು ಕುಂದು, ಉಪ್ಪು ಯಾವಾಗ್ಲೂ ಒಂಚೂರು ಕಮ್ಮಿ. ಅದಕ್ಕೇ ಪ್ರತೀ ಬೆಂಚಿನ ಮೇಲೂ ಒಂದು ಬಟ್ಲಲ್ಲಿ ಉಪ್ಪು ಇಟ್ಟಿರೋರು. ನಮ್ಮ ಯಜಮಾನ್ರು ಕೂತ ತಕ್ಷಣ ನೋಡ್ದೇ ಕೈ ಚಾಚಿ ಒಂದು ಚಿಟಿಕೆ ತಗೊಳ್ಳೋರು. ಒಂದು ಸಲ "ಒಳಗಡೆ ಒಂದು ಮಾತು ಹೇಳಬಾರ್ದಾ ಯಜಮಾನ್ರೆ" ಅಂತ ಯಾರೋ ಕೇಳಿದ್ದಕ್ಕೆ ಅಣ್ಣ ದನಿ ತಗ್ಗಿಸಿ ಅಂದ್ರು, "ನೀವೇ ಹೇಳಿ ಸ್ವಾಮಿ. ನಾನು ಸಾಯಂಕಾಲ ಮನೆಗೆ ಹೋಗ್ಬೇಕು."

ಒಂದು ಆಷಾಢದಲ್ಲಿ ಅಕ್ಕನಿಗೆ ಜ್ವರ ಬಂತು. ಹೋಟ್ಲು ಬಾಗ್ಲು ಹಾಕ್ತು. ಜ್ವರ ಬಿಡ್ಲೇ ಇಲ್ಲ.

ನಾನು ಅವರ ಮುಖ ಪೂರ್ತಿಯಾಗಿ, ನೆಟ್ಟಗೆ, ಹೊರಗಿನ ಬೆಳಕಲ್ಲಿ ನೋಡಿದ್ದು ಅವರು ಹೋದ ದಿನ, ಬಾಗ್ಲು ಮುಂದೆ ಮಲಗಿಸಿದ್ದಾಗಲೇ. ಅಷ್ಟು ವರ್ಷ ಕಿಂಡಿಯಲ್ಲಿ ಕೈ ನೋಡಿದ್ದೆ, ಹಬೆಯಲ್ಲಿ ಅರ್ಧ ಮುಖ ನೋಡಿದ್ದೆ...

ಕಾರ್ಯಗಳೆಲ್ಲಾ ಮುಗಿದ ಮೇಲೆ ಹೋಟ್ಲು ಮತ್ತೆ ತೆಗೀತು. ಅಣ್ಣ ಸಾಗುಗೆ ಯಾರನ್ನೂ ಇಟ್ಕೊಳ್ಳಲಿಲ್ಲ. ತಾವೇ ಬೆಳಗಿನ ಜಾವ ಎದ್ದು ರುಬ್ಬಿ ಮಾಡೋರು. ಹೆಚ್ಚೋದು ಅದೇ ಥರ, ಹಾಕೋದು ಅದೇ ಸಾಮಾನು. ಆದ್ರೆ ಏನೋ ಆಗೋಗಿತ್ತು. ಖಾರ ಮುಂದೆ ಬರೋದು, ಉಪ್ಪು ಅದ್ರ ಮುಂದೆ ಬರೋದು, ಅವೆರಡೂ ಜಗಳ ಆಡ್ಕೊಂಡು ತರಕಾರಿ ಎಲ್ಲೋ ಮೂಲೆಲಿ ಕೂತಿರೋದು. ನಮ್ಮ ಮೈಸೂರಿನೋರು ನಿಮಗೆ ಗೊತ್ತಲ್ಲ, ಯಾರೂ ಕೆಟ್ಟದು ಅಂತ ಬಾಯಿ ಬಿಟ್ಟು ಹೇಳಲ್ಲ. "ಹೇಗಿದೆ ಸಾಗು?" ಅಂತ ಅಣ್ಣ ಕೇಳೋರು. "ಪರವಾಗಿಲ್ಲ" ಅನ್ನೋರು. ಮೈಸೂರಲ್ಲಿ ಪರವಾಗಿಲ್ಲ ಅಂದ್ರೆ ಮುಂದಿನ ವಾರ ಬರಲ್ಲ ಅಂತ ಅರ್ಥ. ಬರ್ಲೂ ಇಲ್ಲ. ಬೆಂಚುಗಳು ಖಾಲಿ ಆಗ್ತಾ ಬಂದ್ವು.

ನನಗೆ ಬಾಯಿ ಕಟ್ಕೊಂಡು ಇರೋಕೆ ಬರಲ್ಲ. ಒಂದು ಭಾನುವಾರ ಅಣ್ಣ ನಮ್ಮ ಎಲೆ ಹತ್ರ ಬಂದು ಕೇಳಿದ್ರು. ಯಜಮಾನ್ರು ಬೆಂಚಿನ ಕೆಳಗೆ ನನ್ನ ಕಾಲು ತುಳಿದ್ರು. ನಾನು ಕಾಲು ಆಚೆ ಎಳ್ಕೊಂಡು ಹೇಳ್ದೆ, "ಚೆನ್ನಾಗಿಲ್ಲ ಅಣ್ಣ. ಇದು ಅಕ್ಕನ ಸಾಗು ಅಲ್ಲ."

ಅಣ್ಣ ಬಕೇಟು ಕೆಳಗಿಟ್ಟು ಎದುರು ಬೆಂಚಿನ ಮೇಲೆ ಕೂತ್ರು. ಅವರು ಕೂತಿದ್ದನ್ನ ನಾನು ನೋಡಿದ್ದೇ ಅವತ್ತು ಮೊದಲು. "ಗೊತ್ತು ಕಣಮ್ಮ" ಅಂದ್ರು. "ನೀನೊಬ್ಬಳೇ ಹೇಳಿದ್ದು. ಜನ ಬರ್ತಿದ್ದಿದ್ದು ಅವಳ ಸಾಗುಗೆ. ಜನ ಹೋದ್ರೆ ಹೋಗ್ಲಿ ಅಂದ್ಕೊಬಹುದು. ಆದ್ರೆ ದಿನಾ ಬೇರೆ ಯಾವುದೋ ರುಚಿ ನೋಡಿ ನೋಡಿ ಅವಳದ್ದು ನನಗೇ ಮರ್ತೋಗ್ತಾ ಇದೆ. ಅದು ಮರ್ತೋದ್ರೆ ನನ್ನ ಹತ್ರ ಇನ್ನೇನಿದೆ ಹೇಳು. ದಸರಾವರೆಗೂ ನೋಡ್ತೀನಿ. ಆ ರುಚಿ ಬರ್ಲಿಲ್ಲ ಅಂದ್ರೆ ಬಾಗ್ಲು ಹಾಕ್ಬುಡ್ತೀನಿ." ಅಷ್ಟು ಹೊತ್ತಿಗೆ ಅವರು ನನ್ನನ್ನ ಬಹುವಚನದಿಂದ ಏಕವಚನಕ್ಕೆ ಇಳಿಸಿದ್ರು. ನನಗೆ ಅದು ಬಡ್ತಿ ಸಿಕ್ಕ ಹಾಗಿತ್ತು.

ಅವತ್ತಿಂದ ಭಾನುವಾರ ಬಂದ್ರೆ ನನಗೆ ಭಯ. ಎಲೆ ಮೇಲೆ ಸಾಗು ಹಾಕಿ ಅಣ್ಣ ಸುಮ್ನೆ ನಿಂತ್ಕೊಳ್ಳೋರು. ಸಾಗು ಅಂತಲೂ ಅನ್ತಿರ್ಲಿಲ್ಲ, ಕೂತ್ಕೊಳ್ಳಿ ಅಂತಲೂ ಅನ್ತಿರ್ಲಿಲ್ಲ. ನಾನು ಒಂದು ತುತ್ತು ಬಾಯಿಗಿಟ್ಟು ತಲೆ ಎತ್ತೋದು. ಅವರು ನನ್ನ ಮುಖ ನೋಡಿ ಒಳಗೆ ಹೋಗೋದು. ಚಕ್ಕೆ ಕಮ್ಮಿ ಮಾಡಿ ನೋಡಿದ್ರು. ಹುರಿಗಡಲೆ ಜಾಸ್ತಿ ಹಾಕಿ ನೋಡಿದ್ರು. ನಂಜನಗೂಡಿನ ಕಡೆಯಿಂದ ತೆಂಗಿನಕಾಯಿ ತರಿಸಿದ್ರು. ಶ್ರಾವಣ ಹೋಯ್ತು, ಗಣೇಶನ ಹಬ್ಬ ಹೋಯ್ತು. ಗಾಜಿನ ಹೆಂಚಿನ ಬಿಸಿಲು ಮಾತ್ರ ಅದೇ ಥರ ಇಳೀತಾ ಇತ್ತು, ಹೊಗೆ ಅದೇ ಥರ ತಿರುಗ್ತಾ ಇತ್ತು...

ದಸರಾಗೆ ಬೀದಿಗಳಲ್ಲಿ ದೀಪದ ಸರ ಕಟ್ಟೋಕೆ ಶುರು ಮಾಡಿದ್ರು. ಒಂದು ಭಾನುವಾರ ನಾವು ಬೇಗ ಹೋದ್ವಿ. "ಒಳಗೆ ಬಂದು ನೋಡಮ್ಮ, ಎಲ್ಲಿ ತಪ್ತಾ ಇದೀನಿ ಅಂತ" ಅಂದ್ರು ಅಣ್ಣ. ಆ ಕಿಂಡಿ ಆ ಕಡೆಗೆ ನಾನು ಹೋಗಿದ್ದು ಅದೇ ಮೊದಲು. ಒರಳು, ಒರಳ ಮುಂದೆ ಅಕ್ಕನ ಮಣೆ, ಸವೆದ ಮಣೆ, ಯಾರೂ ಅದ್ರ ಮೇಲೆ ಕೂತಿಲ್ಲ ಅಂತ ನೋಡಿದ್ರೇ ಗೊತ್ತಾಗೋದು. ಅಣ್ಣ ಪಕ್ಕದಲ್ಲಿ ನೆಲದ ಮೇಲೆ ಕೂತು ರುಬ್ಬೋರು.

ನಾನು ಗೋಡೆಗೆ ಒರಗಿ ನಿಂತು ನೋಡಿದೆ. ತಪ್ಪಲೆ ಕುದಿಯೋಕೆ ಶುರು ಆಯ್ತು. ಅಣ್ಣ ಸೌಟಿಂದ ಅಂಗೈಗೆ ಒಂದು ತೊಟ್ಟು ಹಾಕ್ಕೊಂಡು ನೆಕ್ಕಿದ್ರು. ಉಪ್ಪು ಹಾಕಿದ್ರು. ಮತ್ತೆ ನೆಕ್ಕಿದ್ರು. ಮೆಣಸಿನಕಾಯಿ ರುಬ್ಬಿದ್ದು ಸ್ವಲ್ಪ ಹಾಕಿದ್ರು. ಮತ್ತೆ ನೆಕ್ಕಿದ್ರು, ಮುಖ ಕಿವುಚಿದ್ರು, ಮತ್ತೆ ಉಪ್ಪು... ಅಂಗೈ ಕೆಂಪಾಗಿತ್ತು. ನಾಲಿಗೆನೂ ಕೆಂಪಾಗಿರ್ಬೇಕು, ಪಾಪ. ಆ ಹೊತ್ತಿಗೆ ನನಗೆ ಕಿಂಡಿ ನೆನಪಾಯ್ತು. ಅಷ್ಟು ವರ್ಷದಲ್ಲಿ ಅಕ್ಕ ಅಂಗೈ ನೆಕ್ಕಿದ್ದನ್ನ ನಾನು ನೋಡೇ ಇರ್ಲಿಲ್ಲ.

"ಅಣ್ಣ, ಅಕ್ಕ ರುಚಿ ನೋಡ್ತಾ ಇದ್ರಾ?"

"ಅವಳೆಲ್ಲಿ ನೋಡ್ತಾಳೆ" ಅಂದ್ರು, ಕೈಯಾಡಿಸ್ತಾನೇ. "ಮೊದಲು ನೈವೇದ್ಯ ಆಗ್ಬೇಕಲ್ಲ. ದೇವರಿಗೆ ಎಂಜಲು ಇಡೋಕಾಗುತ್ತಾ?"

"ಮತ್ತೆ ನೀವ್ಯಾಕೆ ನೋಡ್ತಾ ಇದೀರಿ?"

ಅಣ್ಣನ ಕೈ ನಿಂತ್ಬುಡ್ತು. ಒಲೆ ಮೇಲ್ಗಡೆ ದೇವರ ಪಟ ಇತ್ತು. ಗಾಜಿನ ಮೇಲೆ ಬೆರಳಲ್ಲಿ ಬರೆಯೋ ಅಷ್ಟು ಮಸಿ, ಎಣ್ಣೆ ಜಿಡ್ಡು. ಮುಂದೆ ದೀಪ ಇಲ್ಲ, ಹೂವಿಲ್ಲ, ಬಟ್ಲಿಲ್ಲ. ಅಣ್ಣ ಆ ಕಡೆ ನೋಡ್ಲೂ ಇಲ್ಲ.

"ಇವನಿಗೆ ಯಾಕಮ್ಮ ಇಡ್ಬೇಕು?" ಅಂದ್ರು. "ಇಷ್ಟು ವರ್ಷ ದಿನಾ ಮೊದಲನೇ ಸೌಟು ಇವನೇ ತಿಂದ. ತಿಂದು, ಬಡಿಸೋ ಕೈಯನ್ನೇ ಕರ್ಕೊಂಡು ಹೋದ. ಇನ್ನು ಉಪವಾಸ ಇರ್ಲಿ."

"ದೇವರು ಉಪವಾಸ ಇದ್ರೆ ಇರ್ಲಿ ಅಣ್ಣ" ಅಂದೆ. "ನಾವ್ಯಾಕೆ ಇರ್ಬೇಕು?"

ಅವರು ಮತ್ತೆ ಸೌಟು ಅದ್ದಿ ಅಂಗೈ ನೆಕ್ಕಿದ್ರು. ಅವತ್ತಿನ ಸಾಗು ಎಲ್ಲಕ್ಕಿಂತ ಕೆಟ್ಟದಾಗಿತ್ತು. ದಾರಿ ಉದ್ದಕ್ಕೂ ನಮ್ಮ ಯಜಮಾನ್ರು ನನ್ನ ಬೈದ್ರು. "ದುಃಖದಲ್ಲಿರೋ ಮನುಷ್ಯ, ನೀನು ಹೋಗಿ ಬಾಯಿಗೆ ಬಂದಿದ್ದು ಅಂದ್ಬುಡ್ತೀಯ" ಅಂತ. ನಾನು ತಿರುಗಿ ಮಾತಾಡ್ಲಿಲ್ಲ ಅಂದ್ರೆ ನೀವು ನಂಬಲ್ಲ, ಆದ್ರೆ ಅವತ್ತು ನಿಜವಾಗ್ಲೂ ಮಾತಾಡ್ಲಿಲ್ಲ.

ಮುಂದಿನ ಭಾನುವಾರ. ನಾಳೆ ನಾಡಿದ್ದು ನವರಾತ್ರಿ. ಇದೇ ಕೊನೇ ಭಾನುವಾರ ಅಂತ ಅಣ್ಣನಿಗೂ ಗೊತ್ತು, ನಮಗೂ ಗೊತ್ತು. ಹೋಟ್ಲಲ್ಲಿ ನಮ್ಮನ್ನ ಬಿಟ್ರೆ ಪಂಡಿತರ ಥರ ಜುಟ್ಟಿದ್ದ ಒಬ್ಬ ಮುದುಕರು, ಇನ್ಯಾರೋ ಇಬ್ಬರು. ದೋಸೆ ಬಂತು. ಅಣ್ಣ ಬಕೇಟು ಹಿಡ್ಕೊಂಡು ಬಂದ್ರು. ಸಾಗು ಹಾಕಿದ್ರು. ನಿಂತ್ಕೊಳ್ಳಲಿಲ್ಲ, ಕಾವಲಿ ಹತ್ರ ವಾಪಸ್ ಹೋಗಿ ಬೆನ್ನು ಹಾಕ್ಕೊಂಡು ಹಿಟ್ಟು ಹುಯ್ದ್ರು.

ನಾನು ಕೈಯಿಟ್ಟಿರ್ಲಿಲ್ಲ ಇನ್ನೂ. ನಮ್ಮ ಯಜಮಾನ್ರು ಒಂದು ತುತ್ತು ತಿಂದ್ರು. ತಿಂದು, ಏನೋ ಯೋಚ್ನೆ ಮಾಡ್ತಾ, ನೋಡ್ದೇ, ಕೈ ಚಾಚಿ ಬಟ್ಲಿಂದ ಒಂದು ಚಿಟಿಕೆ ಉಪ್ಪು ತಗೊಂಡ್ರು.

ಆ ಕೈ ಉಪ್ಪಿನ ಬಟ್ಲಿಗೆ ಹೋಗಿ ತಿಂಗಳುಗಳಾಗಿತ್ತು. ನಾನು ಆ ಕೈ ನೋಡಿದೆ. ತಲೆ ಎತ್ತಿ ನೋಡಿದ್ರೆ ಅಣ್ಣನೂ ಈ ಕಡೆ ತಿರುಗಿ ಆ ಕೈಯನ್ನೇ ನೋಡ್ತಾ ಇದ್ರು. ಅವರು ಹಿಡಿದಿದ್ದ ದೋಸೆ ಮಗುಚೋ ಸಟ್ಟುಗ ಹಾಗೇ ನಿಂತಿತ್ತು. ನಾನು ಒಂದು ತುತ್ತು ಬಾಯಿಗಿಟ್ಟೆ...

ಬೀದಿಯಲ್ಲಿ ಯಾರೋ ಹೂವು ಕೂಗ್ಕೊಂಡು ಹೋಗ್ತಾ ಇದ್ರು. ಕುದುರೆ ಗಾಡಿ ಗೆಜ್ಜೆ ಸದ್ದು ಬಂದು, ಹತ್ರ ಆಗಿ, ದೂರ ಹೋಯ್ತು. ಗಾಜಿನ ಹೆಂಚಿನ ಬಿಸಿಲು ನನ್ನ ಎಲೆ ಮೇಲೆ ಬಿದ್ದಿತ್ತು. ಅವತ್ತಿನ ಆ ಗಳಿಗೆ ಎಷ್ಟು ಹೊತ್ತಿತ್ತೋ ನನಗೆ ಗೊತ್ತಿಲ್ಲ, ಈಗ ನೆನೆಸ್ಕೊಂಡ್ರೆ ಒಂದು ಇಡೀ ದಿನ ಅಷ್ಟು ಉದ್ದ ಕಾಣುತ್ತೆ. ಕಾವಲಿ ಮೇಲಿದ್ದ ದೋಸೆ ಕರಕಲಾಗಿ ಹೊಗೆ ತುಂಬ್ಕೊಳ್ತು. ಆ ಜುಟ್ಟಿನ ಮುದುಕರು ಮಾತ್ರ ಎಲೆ ಮೇಲಿಂದ ಮುಖ ಎತ್ತದೇ ಕೈ ತೋರಿಸಿ "ಇನ್ನೊಂದು ಸೌಟು" ಅಂದ್ರು.

ಅಣ್ಣ ಹೋಗಿ ಬಕೇಟು ತಂದ್ರು. ಮುದುಕರಿಗೆ ಹಾಕಿ, ನಮ್ಮ ಹತ್ರ ಬಂದು, ಗಂಟಲು ಸರಿ ಮಾಡ್ಕೊಂಡ್ರು. "ಕೂತ್ಕೊಳ್ಳೀ..." ಅಂದ್ರು. ಎರಡನೇ ಸಲ ಅನ್ನೋಕಾಗ್ಲಿಲ್ಲ.

ಕೈ ತೊಳ್ಕೊಂಡು ಬರುವಾಗ ನಾನು ಕಿಂಡಿಯಲ್ಲಿ ಬಗ್ಗಿ ನೋಡಿದೆ. ದೇವರ ಪಟದ ಮೇಲೆ ಹಾಗೇ ಮಸಿ. ಅವನ ಮುಂದೆ ಏನೂ ಇರ್ಲಿಲ್ಲ. ಪುಟ್ಟ ಬಟ್ಲು ಇದ್ದಿದ್ದು ಒರಳ ಪಕ್ಕ, ಅಕ್ಕನ ಮಣೆ ಮೇಲೆ. ಒಳಗಿನ ಸಾಗು ಇನ್ನೂ ಹಬೆ ಆಡ್ತಾ ಇತ್ತು. ಅಣ್ಣ ನನ್ನ ಹಿಂದೆ ಬಂದು ನಿಂತಿದ್ರು.

"ಅವನಿಗಲ್ಲ ಕಣಮ್ಮ. ಅವಳಿಗೆ ಇಟ್ಟೆ" ಅಂದ್ರು. "ಅವಳಿಗೆ ಎಂಜಲು ಇಡೋಕೆ ಮನಸ್ಸು ಬರ್ಲಿಲ್ಲ. ಹಾಗಾಗಿ ರುಚಿ ನೋಡ್ಲಿಲ್ಲ. ಅವನಿಗೆ ಬೇಕಾದ್ರೆ ಅವಳ ಹತ್ರ ಕೇಳಿ ಈಸ್ಕೊಳ್ಲಿ."

ಅಷ್ಟೇ ಇದ್ದಿದ್ದು ತಪ್ಪು. ನಾಲಿಗೆಗೆ ಕಮ್ಮಿ ಅನ್ನಿಸಿದಾಗೆಲ್ಲಾ ಹಾಕ್ತಾ ಹೋಗೋರು, ನಾಲಿಗೆ ಉರಿ ಹತ್ತಿದ ಮೇಲೆ ಅದಕ್ಕೆ ಇನ್ನೂ ಕಮ್ಮಿನೇ ಅನ್ನಿಸೋದು. ಅಕ್ಕ ವಾಸನೆ ನೋಡಿ ಇಳಿಸ್ಬುಡೋರು, ಮಿಕ್ಕಿದ್ದು ಉಪ್ಪಿನ ಬಟ್ಲಿಗೆ ಬಿಡೋರು.

ಆ ದಸರಾಗೆ ಹೋಟ್ಲು ಬಾಗ್ಲು ಹಾಕ್ಲಿಲ್ಲ. ಆಮೇಲೂ ತುಂಬಾ ದಸರಾ ನಡೀತು. ನನ್ನ ಮಗಳು ಆ ಬೆಂಚಿನ ಮೇಲೆ ಕೂತೇ ದೋಸೆ ಹರ್ಕೊಂಡು ತಿನ್ನೋದು ಕಲಿತಿದ್ದು. ಆ ಪಟದ ಗಾಜು ಒಂದು ದಿನ ಒರೆಸಿತ್ತು, ಯಾವಾಗ ಒರೆಸಿದ್ರೋ, ನಾನು ಕೇಳ್ಲಿಲ್ಲ. ಬಟ್ಲು ಮಾತ್ರ ಮಣೆ ಮೇಲೇ ಇರೋದು.

ಆಮೇಲೆ ನಾವು ಶ್ರೀರಾಂಪುರಕ್ಕೆ ಬಂದ್ವಿ. ಪ್ರತೀ ಭಾನುವಾರ ಅನ್ನೋದು ತಿಂಗಳಿಗೊಂದ್ಸಲ ಆಯ್ತು, ಯಜಮಾನ್ರು ಹೋದ ಮೇಲೆ ಹಬ್ಬಕ್ಕೊಂದ್ಸಲ ಆಯ್ತು. ಒಂದು ದಿನ ಹೋದ್ರೆ ಬಾಗ್ಲಿಗೆ ಬೀಗ. ಎದುರುಗಡೆ ಹೂವಿನವಳು ನನ್ನ ಗುರುತು ಹಿಡಿದು, "ಅಯ್ಯೋ, ನಿಮಗೆ ಯಾರೂ ಹೇಳ್ಲಿಲ್ವಾ ಅಕ್ಕ, ಹೋಗ್ಬುಟ್ರು" ಅಂದ್ಲು. ನಾನು ಬೀಗ ಮುಟ್ಟಿ ನೋಡಿ ಬಂದೆ. ಈಗ ಅಲ್ಲಿ ಫೋನಿನ ಕವರು ಮಾರೋ ಅಂಗಡಿ ಇದೆ. ಗಾಜಿನ ಹೆಂಚಿಲ್ಲ, ಹೆಂಚೇ ಇಲ್ಲ. ಮೇಲೆ ಮೋಲ್ಡು ಹಾಕಿದಾರೆ. ಮನೇಲಿ ನಾನೂ ಮಾಡಿ ನೋಡಿದೀನಿ ಆ ಸಾಗು, ರುಚಿ ನೋಡ್ದೇ. ಉಪ್ಪು ಕಮ್ಮಿ ಆಯ್ತು, ಅಷ್ಟೇ. ಬೇರೇನೂ ಬರ್ಲಿಲ್ಲ...

ಕನ್ನಡಕದ ಮಂಜು ತಾನಾಗೇ ಇಳೀತು. ಶೀಟು, ಪ್ಲಾಸ್ಟಿಕ್ ಕುರ್ಚಿ, ಹುಬ್ಬಳ್ಳಿ ಹುಡುಗೀರು ಎಲ್ಲಾ ವಾಪಸ್ ಬಂದ್ವು. ನನ್ನ ಮುಂದೆ ತಟ್ಟೆಯಲ್ಲಿ ದೋಸೆ, ಪಕ್ಕದಲ್ಲಿ ಸಾಗು. ಹುಡುಗೀರು ಫೋಟೋ ತೆಗೆಯೋದನ್ನೂ ಮರ್ತು ತಿಂತಾ ಇದ್ರು. ನಾನೂ ಒಂದು ತುತ್ತು ತಿಂದೆ. ಚೆನ್ನಾಗಿತ್ತು. ನಿಜವಾಗ್ಲೂ ಚೆನ್ನಾಗಿತ್ತು. ಎರಡನೇ ತುತ್ತು ತಗೊಳ್ಳೋಕೆ ಕೈ ಬರ್ಲಿಲ್ಲ. ಸುಮ್ನೆ ಬೆರಳಲ್ಲಿ ದೋಸೆ ಮುರೀತಾ ಕೂತಿದ್ದೆ.

ಒಲೆ ಮುಂದೆ ನಿಂತಿದ್ದ ಆಕೆ ನೋಡ್ತಾನೇ ಇದ್ಲು. "ಯಾಕಜ್ಜಿ, ಎಂಗದೆ ಸಾಗು?" ಅಂತ ಕೇಳಿದ್ಲು.

ಪರವಾಗಿಲ್ಲ ಅನ್ನೋಕೆ ನನ್ನ ನಾಲಿಗೆ ಇನ್ನೂ ಕಲಿತಿಲ್ಲ. "ಚೆನ್ನಾಗದೆ ಕಣವ್ವ" ಅಂದೆ. "ಆದ್ರೆ ಅದಲ್ಲ."

"ಯಾವ್ದು?"

ಹೇಳ್ದೆ. ಆಕೆಗೆ ಗಿರಾಕಿಗಳು ಕಾಯ್ತಾ ಇದ್ರು, ಆದ್ರೂ ಹೇಳ್ದೆ. ಅಗ್ರಹಾರದಲ್ಲಿ ಒಂದು ಹೋಟ್ಲಿತ್ತು, ಒಳಗೆ ಒಬ್ಬರು ಅಕ್ಕ ಇದ್ರು, ಅವರು ಹೋದ ಮೇಲೆ ಅಣ್ಣ ಎಷ್ಟು ಕಷ್ಟಪಟ್ಟು ಆ ರುಚಿ ವಾಪಸ್ ತಂದ್ರು, ಅವರೂ ಹೋದ್ರು, ಈಗ ಅದು ಎಲ್ಲೂ ಸಿಗಲ್ಲ ಅಂತ. ಆಕೆ ದೋಸೆ ಹುಯ್ತಾ, ಬೆಣ್ಣೆ ಹಾಕ್ತಾ, ಮಗುಚ್ತಾ ಎಲ್ಲಾ ಕೇಳಿಸ್ಕೊಂಡ್ಲು. ನಡುವೆ ಒಂದು ಸಲ ಸೆರಗಿನ ತುದಿಯಿಂದ ಮುಖ ಒರೆಸ್ಕೊಂಡ್ಲು, ಬೆವರಿಗೋ ಏನೋ. ಆಮೇಲೆ ನನ್ನ ತಟ್ಟೆ ಕಡೆ ಸೌಟಲ್ಲಿ ತೋರಿಸಿ ಅಂದ್ಲು:

"ಅದು ಮುಗ್ದೋಯ್ತು ಕಣಜ್ಜಿ. ಇದು ಆರೋಯ್ತಾ ಅದೆ, ತಿನ್ನಿ."